ಹದಡಿ ರಸ್ತೆಯ ಮಹಡಿಯಲ್ಲೊಂದು ‘ವರ್ಲ್ಡ್ ಕಪ್ ಸಾಕರ್’ ಪಿನ್‌ಬಾಲ್ ಯಂತ್ರ

ದಾವಣಗೆರೆಯ ಹದಡಿ ರಸ್ತೆಯಲ್ಲಿ, ಮಹಡಿಯ ಮೇಲಿನ ಪುಟ್ಟ ಆಟದ ಅಂಗಡಿಯೊಂದರಲ್ಲಿ, ವಿಡಿಯೋ ಗೇಮ್‌ಗಳ ನಡುವೆ ಬ್ಯಾಲಿ ಕಂಪನಿಯ ‘ವರ್ಲ್ಡ್ ಕಪ್ ಸಾಕರ್’ ಪಿನ್‌ಬಾಲ್ ಯಂತ್ರವಿದೆ. ಗಾಜಿನಡಿಯ ಇಳಿಜಾರು ಹಲಗೆಯ ಮೇಲೆ ಉರುಳುವ ಲೋಹದ ಚೆಂಡನ್ನು, ಗುಂಡಿ ಒತ್ತಿದರೆ ಮೇಲೇಳುವ ‘ಫ್ಲಿಪ್ಪರ್’ ಎಂಬ ಪುಟ್ಟ ತೋಳುಗಳಿಂದ ಹೊಡೆಯುತ್ತ, ಕೆಳಗೆ ಜಾರಿಹೋಗದಂತೆ ಕಾಯುವ ಆಟವೇ ಪಿನ್‌ಬಾಲ್. ಎರಡು ತಿಂಗಳಿನಿಂದ ವಾರಕ್ಕೊಮ್ಮೆಯಾದರೂ ಹೋಗಿ ಆಡಿದ ಮೇಲೆ ಈ ಮಾತುಗಳನ್ನು ಬರೆಯುತ್ತಿದ್ದೇನೆ.

1994ರಲ್ಲಿ ಅಮೆರಿಕದಲ್ಲಿ ನಡೆದ ಫುಟ್‌ಬಾಲ್ ವಿಶ್ವಕಪ್‌ಗಾಗಿ ಜಾನ್ ಪೊಪಡ್ಯೂಕ್ ಮತ್ತು ಲ್ಯಾರಿ ಡಿಮಾರ್ ರೂಪಿಸಿದ ಯಂತ್ರವಿದು. ಆಟಗಾರನು ಷಿಕಾಗೊ, ಡಲ್ಲಾಸ್ ಮುಂತಾದ ಆತಿಥೇಯ ನಗರಗಳನ್ನು ದಾಟುತ್ತ ಲಾಸ್ ಏಂಜಲೀಸ್‌ನತ್ತ ಸಾಗಿ, ಕಡೆಗೆ ಅಂದಿನ ಹಾಲಿ ಚಾಂಪಿಯನ್ ಜರ್ಮನಿಯನ್ನು ಎದುರಿಸಬೇಕು. ಯಂತ್ರ ಮಾರುಕಟ್ಟೆಗೆ ಬಂದದ್ದು ಪಂದ್ಯಾವಳಿಗಿಂತ ಮೊದಲು. ಆ ಬೇಸಿಗೆಯಲ್ಲಿ ಜರ್ಮನಿ ಕ್ವಾರ್ಟರ್ ಫೈನಲ್‌ನಲ್ಲೇ ಬಲ್ಗೇರಿಯಾಕ್ಕೆ ಸೋತು, ಫೈನಲ್‌ನಲ್ಲಿ ಬ್ರೆಜಿಲ್ ಇಟಲಿಯನ್ನು ಪೆನಾಲ್ಟಿಯಲ್ಲಿ ಮಣಿಸಿತು.

ಈ ವಿನ್ಯಾಸದ ಜೀವ ಗೋಲ್‌ಕೀಪರ್‌ನಲ್ಲಿದೆ. ಗೋಲಿನ ಬಾಯಿಗೆ ಅಡ್ಡಲಾಗಿ ಅವನ ಬೊಂಬೆ ಎಡಕ್ಕೂ ಬಲಕ್ಕೂ ಸರಿದಾಡುತ್ತದೆ. ಮೋಟಾರಿನಿಂದ ತಿರುಗುವ ಫುಟ್‌ಬಾಲ್ ಸಹ ಕಣ್ಣಿಗೆ ಹಬ್ಬವೇ, ಅದಕ್ಕೆ ತಾಗಿದ ಚೆಂಡು ಯಾವ ದಿಕ್ಕಿಗೆ ಸಿಡಿಯುತ್ತದೆಂದು ಊಹಿಸುವುದು ಕಷ್ಟ. ಆದರೂ ನನ್ನನ್ನು ಮತ್ತೆ ಮತ್ತೆ ಮೆಟ್ಟಿಲು ಹತ್ತಿಸುವುದು ಆ ಬೊಂಬೆಯೇ. ಹೊಸಬರು ಚೆಂಡು ಬಂದ ರಭಸಕ್ಕೇ ಗೋಲಿನತ್ತ ಹೊಡೆಯುತ್ತಾರೆ, ಅದು ಬೊಂಬೆಗೆ ಬಡಿದು ನೇರವಾಗಿ ಎರಡು ಫ್ಲಿಪ್ಪರ್‌ಗಳ ನಡುವೆ ಇಳಿದು ಕಳೆದುಹೋಗುತ್ತದೆ. ಫ್ಲಿಪ್ಪರ್ ಎತ್ತಿಹಿಡಿದು ಚೆಂಡನ್ನು ಅದರ ಮಡಿಲಲ್ಲಿ ನಿಲ್ಲಿಸಿಕೊಂಡು, ಬೊಂಬೆಯ ಓಡಾಟದ ಲಯವನ್ನು ಎರಡು ಸಲ ಎಣಿಸುವುದು ಲೇಸು. ಇಲ್ಲೊಂದು ಸೂಕ್ಷ್ಮವಿದೆ: ಗುಂಡಿ ಬಿಟ್ಟ ಮೇಲೆ ಚೆಂಡು ಫ್ಲಿಪ್ಪರ್‌ನ ತುದಿಯತ್ತ ಉರುಳಲು ಸ್ವಲ್ಪ ಹೊತ್ತು ಬೇಕು. ಆದ್ದರಿಂದ ಜಾಗ ತೆರವಾದದ್ದನ್ನು ಕಂಡ ಮೇಲೆ ಗುಂಡಿ ಬಿಟ್ಟರೆ ತಡವಾಗುತ್ತದೆ, ತೆರವಾಗಲಿದೆ ಎನ್ನುವಾಗಲೇ ಬಿಡಬೇಕು. ಈ ಲೆಕ್ಕ ಕೈಗೆ ಹತ್ತಲು ನನಗೆ ಮೂರು ವಾರ ಹಿಡಿಯಿತು.

ಅಂಕಗಳ ಆಸೆಗೆ ಗೋಲನ್ನೇ ನೆಚ್ಚಿಕೊಳ್ಳುವುದಕ್ಕಿಂತ ರ‍್ಯಾಂಪ್‌ಗಳತ್ತ, ಅಂದರೆ ಚೆಂಡು ಏರಿಹೋಗುವ ದಾರಿಗಳತ್ತ, ಹೊಡೆಯುವುದು ಸುರಕ್ಷಿತವೆಂಬುದು ನನ್ನ ಅನುಭವ. ಸರಿಯಾಗಿ ಏರಿದ ಚೆಂಡು ಹಿಡಿತದಲ್ಲೇ ಮರಳುತ್ತದೆ. ಮಲ್ಟಿಬಾಲ್ (ಒಂದಕ್ಕಿಂತ ಹೆಚ್ಚು ಚೆಂಡುಗಳು ಒಟ್ಟಿಗೆ ಓಡುವ ಹಂತ) ಆರಂಭವಾದ ಮೇಲೆ ಮಾತ್ರ ಒಂದು ಚೆಂಡನ್ನು ಫ್ಲಿಪ್ಪರ್‌ನಲ್ಲಿ ತಡೆದು, ಇನ್ನೊಂದರಿಂದ ಗೋಲಿಗೆ ಮುಗಿಬೀಳಬೇಕು.

ಅಂಗಡಿಯ ನಿರ್ವಹಣೆಯ ಬಗ್ಗೆ ಎರಡು ಮಾತು. ಗಾಜು ಸ್ವಚ್ಛವಾಗಿದೆ, ರಬ್ಬರ್ ಉಂಗುರಗಳು ಹೊಸವು. ಆದರೆ ಎಡ ಫ್ಲಿಪ್ಪರ್‌ಗೆ ಬಲ ಸಾಲದು, ರ‍್ಯಾಂಪ್‌ನ ಅರ್ಧಕ್ಕೆ ಏರಿದ ಚೆಂಡು ಹಿಂದಕ್ಕೆ ಉರುಳಿ ಬರುತ್ತದೆ. ಪಿನ್‌ಬಾಲ್ ಹಲಗೆಗೆ ಸುಮಾರು 6.5 ಡಿಗ್ರಿ ಇಳಿಜಾರು ರೂಢಿಯದ್ದು. ಇಲ್ಲಿ ಅದು ಕಡಿಮೆಯೆಂದು ತೋರಿ ಹೇಳಿದಾಗ, ಮಾಲೀಕರು ನನ್ನೆದುರಿಗೇ ಹಿಂಗಾಲುಗಳ ತಿರುಪನ್ನು ಎತ್ತರಿಸಿ, ಫ್ಲಿಪ್ಪರ್‌ನ ಬಲಕ್ಕೆ ಕಾರಣವಾದ ತಂತಿಯ ಸುರುಳಿಯನ್ನು ಹೊಸದಾಗಿ ತರಿಸುವುದಾಗಿ ಹೇಳಿದರು. ಮೂರು ಚೆಂಡುಗಳ ಒಂದು ಆಟಕ್ಕೆ 40 ರೂಪಾಯಿ, ನನ್ನ ಮಟ್ಟಿಗೆ ಅದು ದುಬಾರಿಯಲ್ಲ. ಸಂಜೆ ಆರರೊಳಗೆ ಹೋಗಿ, ಯಂತ್ರದ ನೆತ್ತಿಯ ಮೇಲಿರುವ ಟ್ಯೂಬ್‌ಲೈಟ್ ಆರಿಸಲು ಕೇಳಿಕೊಳ್ಳಿ. ಅದರ ಪ್ರತಿಬಿಂಬ ಸರಿಯಾಗಿ ಗೋಲಿನ ಮೇಲೆಯೇ ಬೀಳುತ್ತದೆ.