"ನರದ ಸೂಜಿ" ಹಾಕಿಸಿಕೊಳ್ಳುವ ಮುಂಚೆ ಕುಂಬಾರರು ಇದನ್ನು ಓದ್ರಿ

ಕಲಬುರಗಿ, ಆಳಂದ, ಸೇಡಂ, ಶಹಾಬಾದ್ ಕಡೆ ತಿಗರಿ ಮೇಲೆ ಕೂರುವವರು, ರೊಟ್ಟಿ ಬಡಿದು ಮಾರುವ ಅಕ್ಕಂದಿರು, ದಯವಿಟ್ಟು ಪೂರ್ತಿ ಓದ್ರಿ. ಎಡಗೈಯಲ್ಲಿ ಟೈಪ್ ಮಾಡ್ತಿದ್ದೀನಿ, ಅದೂ ಸಿಟ್ಟಿನಲ್ಲಿ. ತಪ್ಪಿದ್ದರೆ ಹೊಟ್ಟೆಗೆ ಹಾಕ್ಕೊಳ್ರಿ.

ನನ್ನ ಮಣಿಕಟ್ಟಿನ ನೋವಿಗೆ ಸೂಜಿ ಹಾಕಿದವನದು ಬಾಡಿಗೆ ಕೋಣೆ, ಹೊರಗೆ ಫ್ಲೆಕ್ಸ್ ಬೋರ್ಡು: "ನರ ದೌರ್ಬಲ್ಯ, ಕೈ ಜೋಮು, ಮಣಿಕಟ್ಟು ನೋವು. ಐದು ಸೂಜಿ, ಆಪರೇಷನ್ ಬೇಡ." ಒಂದು ಸೂಜಿಗೆ 900 ರೂಪಾಯಿ, ಐದಕ್ಕೂ ಸೇರಿಸಿ 4,500 ಮುಂಗಡ. ಬಿಡಿಬಿಡಿಯಾಗಿ ಕೊಡ್ತೀನಿ ಅಂದರೆ "ಅರ್ಧಕ್ಕ ಬಿಡೋರಿಗೆ ನಾನು ಔಷಧ ಮುಟ್ಟಂಗಿಲ್ಲ" ಅಂದ. ಅಲ್ಲೇ ಎದ್ದು ಬರಬೇಕಿತ್ತು. ಎದುರಿಗೆ ಬೇಸಿಗೆ ಸೀಸನ್ನು, ಉಗಾದಿಗೆ ಬೇವು ಕಲಸುವ ಗಡಿಗೆ, ನೀರಿನ ಕೊಡ, ರಂಜಣಗಿ ಎಲ್ಲ ಅದೇ ಎರಡು ತಿಂಗಳಲ್ಲಿ ಹೋಗಬೇಕು. ಕೈ ನಿಂತರೆ ವರ್ಷವೇ ನಿಂತಂಗೆ. ಅದು ಅವನಿಗೂ ಗೊತ್ತು.

ನೋವು ಇದ್ದದ್ದು ಹೆಬ್ಬೆರಳಿನ ಬುಡದಿಂದ ಮಣಿಕಟ್ಟಿನ ಹೊರ ಎಲುಬಿನವರೆಗೆ. ಹೆಬ್ಬೆರಳನ್ನು ಮುಷ್ಟಿಯೊಳಗೆ ಮಡಿಸಿ ಮುಷ್ಟಿಯನ್ನು ಕಿರುಬೆರಳಿನ ಕಡೆ ಮೆಲ್ಲಗೆ ಬಾಗಿಸಿದರೆ ಜೀವ ಹೋದಂಗೆ ಆಗ್ತದಲ್ಲ, ಅದು. ಹೆಬ್ಬೆರಳನ್ನು ಎತ್ತುವ ಎರಡು ಸ್ನಾಯುರಜ್ಜುಗಳು ಮಣಿಕಟ್ಟಿನ ಹತ್ತಿರ ಒಂದು ಇಕ್ಕಟ್ಟಿನ ಕೊಳವೆಯಲ್ಲಿ ಹಾದು ಹೋಗ್ತವೆ. ತಿಗರಿ ಮೇಲೆ ಗಡಿಗೆಯ ಗೋಡೆ ಎಳೆಯುವಾಗ ಹೆಬ್ಬೆರಳು ಒತ್ತಿಕೊಂಡೇ ಇರ್ತದೆ, ಮಣಿಕಟ್ಟು ಬಾಗಿಕೊಂಡೇ ಇರ್ತದೆ, ಕೊಳವೆಯ ಪದರ ದಪ್ಪಗಾಗಿ ರಜ್ಜು ಸಲೀಸಾಗಿ ಜಾರುವುದಿಲ್ಲ. ಡಾಕ್ಟರರು ಇದಕ್ಕೆ ಡಿ ಕ್ವೆರ್ವೇನ್ ಅಂತಾರೆ. ಇದು ನರದ ರೋಗ ಅಲ್ಲ. ನಾವು ಎಲ್ಲದಕ್ಕೂ "ನರ ಹಿಡಿದದ" ಅಂತೀವಿ, ಆತ ಆ ಮಾತನ್ನೇ ಬಂಡವಾಳ ಮಾಡಿಕೊಂಡಿದ್ದಾನೆ.

ಅವನ ಬಾಕಿನ ಮೇಲೆ ಕೂತಿದ್ದವರನ್ನು ನೋಡ್ರಿ. ಒಬ್ಬರಿಗೆ ರಾತ್ರಿ ಹೆಬ್ಬೆರಳು, ತೋರುಬೆರಳು, ನಡುಬೆರಳು ಜುಮ್ ಅನ್ನೋದು. ಅದು ನಿಜಕ್ಕೂ ನರ, ಮಣಿಕಟ್ಟಿನ ಒಳಬದಿಯಲ್ಲಿ ಅದುಮಿಕೊಂಡಿರ್ತದೆ. ರೊಟ್ಟಿ ಬಡಿಯುವ ಒಬ್ಬ ಅಕ್ಕನಿಗೆ ಉಂಗುರ ಬೆರಳು ಮಡಿಸಿದರೆ ಸಿಕ್ಕಿಕೊಂಡು, ಬಿಡಿಸುವಾಗ ಟಕ್ ಅಂತಿತ್ತು. ಅದು ಇನ್ನೊಂದು. ಮೂವರಿಗೂ ಒಂದೇ ಸೂಜಿ! ಕೈ ಒತ್ತಿ ನೋಡಿದ್ದಿಲ್ಲ, ಶುಗರ್ ಅದ ಏನು ಅಂತ ಕೇಳಿದ್ದಿಲ್ಲ.

ಮೊದಲನೇ ಸೂಜಿ ಬಿದ್ದ ಮೂರನೇ ದಿನಕ್ಕೆ ನೋವು ಮಾಯ. ಅದೇ ಮೋಸದ ಬೇರು. ಗುಣ ಆಯ್ತು ಅಂತ ಐದೈದು ಕಿಲೋ ಮಣ್ಣಿನ ಮುದ್ದೆ ತಿಗರಿಗೆ ಇಟ್ಟದ್ದೇ ಇಟ್ಟದ್ದು. ಹದಿನೈದು ದಿನಕ್ಕೆ ಎರಡನೇದು, ಮತ್ತೆ ಹದಿನೈದು ದಿನಕ್ಕೆ ಮೂರನೇದು. ಮೂರನೇದರ ಹೊತ್ತಿಗೆ ಸೂಜಿ ಚುಚ್ಚಿದ ಜಾಗದಲ್ಲಿ ಎಂಟಾಣೆಯಷ್ಟು ಬಿಳಿ ಕಲೆ, ಚರ್ಮ ತೆಳ್ಳಗಾಗಿ ಒಳಗೆ ಕುಸಿದು ರಕ್ತನಾಳ ಕಾಣ್ತಿತ್ತು. ನೋವು ವಾಪಸ್, ಮೊದಲಿಗಿಂತ ಜಾಸ್ತಿ.

ಆ ಮೂರನೇ ಸೂಜಿಯ ದಿನ ಜೊತೆಗೆ ಬಂದ ಹುಡುಗ ಬುಟ್ಟಿಯಲ್ಲಿದ್ದ ಖಾಲಿ ಸೀಸೆಯ ಫೋಟೋ ತೆಗೆದಿದ್ದ. ಮೆಡಿಕಲ್ ಅಂಗಡಿಯಲ್ಲಿ ತೋರಿಸಿದರೆ ಅವರು ಒಂದೇ ಸಲ ನೋಡಿ, "ಇದು ಟ್ರಯಾಮ್ಸಿನೊಲೋನ್ ಅಲ್ರಿ? ಸ್ಟಿರಾಯ್ಡು" ಅಂದರು. ಆತ ಹೇಳಿದ್ದು "ಗಿಡಮೂಲಿಕಿ ಸತ್ವ, ನರಕ್ಕ ಶಕ್ತಿ". ಸೀಸೆ ಮೇಲಿನ ಬೆಲೆ ಅವನು ಕಿತ್ತುಕೊಂಡದ್ದರ ಕಾಲು ಭಾಗವೂ ಇಲ್ಲ. ಅಂಗಡಿ ಕಟ್ಟೆ ಮೇಲೆ ನಾಲ್ಕು ಮಂದಿ ಮುಂದೆ ನಿಂತು ಅದನ್ನು ಕೇಳಿಸಿಕೊಂಡೆ. ದುಡ್ಡಿಗಿಂತ ಹೆಚ್ಚು ಸುಟ್ಟದ್ದು ಬೇರೆ: ಸಕ್ಕರೆ ಕಾಯಿಲೆ ಇರುವ ನಮ್ಮ ಭಾವನನ್ನೂ ಅಲ್ಲಿಗೆ ಕರಕೊಂಡು ಹೋದವನು ನಾನೇ. ಸೂಜಿ ಆದ ಮೇಲೆ ಅವರ ಶುಗರ್ 300 ದಾಟಿತ್ತು, ಸ್ಟಿರಾಯ್ಡು ಶುಗರ್ ಏರಿಸ್ತದೆ ಅಂತ ಮನೆಯಲ್ಲಿ ಯಾರಿಗೂ ತಿಳಿದಿದ್ದಿಲ್ಲ.

ಒಂದು ಮಾತು, ಸ್ಟಿರಾಯ್ಡ್ ಸೂಜಿಯೇ ಕೆಟ್ಟದ್ದಲ್ಲ. ಜಿಲ್ಲಾ ಆಸ್ಪತ್ರೆಯಲ್ಲಿ ಎಲುಬಿನ ಡಾಕ್ಟರರು ಇದೇ ನೋವಿಗೆ ಕೊಡ್ತಾರೆ. ಆದರೆ ರಜ್ಜಿನೊಳಗೆ ಅಲ್ಲ, ಅದರ ಸುತ್ತಲಿನ ಪದರದೊಳಗೆ. ಒಂದು, ಬೇಕಾದರೆ ಸಾಕಷ್ಟು ವಾರ ಬಿಟ್ಟು ಇನ್ನೊಂದು. ಪದೇ ಪದೇ ಹಾಕಿದರೆ ರಜ್ಜು ಬಲಹೀನವಾಗಿ ಹರಿಯಬಹುದು. ಹರಿದರೆ ಹೆಬ್ಬೆರಳು ಎತ್ತಲಿಕ್ಕೂ ಬರೋದಿಲ್ಲ. ಹದಿನೈದು ದಿನಕ್ಕೊಂದು ಅಂದಾಗ ಆ ಡಾಕ್ಟರ್ ಮುಖ ನೋಡಬೇಕಿತ್ತು.

ಇನ್ನು ಆತನ ಉತ್ತರಗಳು, ಒಂದೊಂದೂ ಕೇಳ್ರಿ.

ಬಿಳಿ ಕಲೆ ತೋರಿಸಿದ್ದಕ್ಕೆ: "ಅಣ್ಣಾರ, ಒಳಗಿನ ಕೆಟ್ಟದ್ದು ಹೊರಗ ಬರ್ಲಕತ್ತದ, ಔಷಧ ಕೆಲಸ ಮಾಡ್ಲಕತ್ತದ."

ನೋವು ವಾಪಸ್ ಬಂತು ಅಂದಿದ್ದಕ್ಕೆ: "ಬದನಿಕಾಯಿ ತಿಂದೀರಿ. ಪಥ್ಯ ಮಾಡ್ಲಿಲ್ಲ ಅಂದ್ರ ನಾ ಏನ್ ಮಾಡ್ಲಿ?"

ಸೀಸೆಯ ಫೋಟೋ ಕಳಿಸಿದ್ದಕ್ಕೆ ಎರಡು ದಿನ ಮೌನ. ಆಮೇಲೆ: "ಅದು ಬ್ಯಾರೆ ಪೇಷಂಟಂದು."

ಉಳಿದ ಎರಡು ಸೂಜಿಯ 1,800 ವಾಪಸ್ ಕೊಡು ಅಂದಿದ್ದಕ್ಕೆ: "ರೊಕ್ಕ ಹೊಳ್ಳಿ ಬರಂಗಿಲ್ರಿ, ಸೂಜಿ ಅವ, ಬಂದು ಹಾಕಿಸ್ಕೊಂಡು ಹೋಗ್ರಿ."

ಹಾಕಿಸ್ಕೊಂಡು ಹೋಗಬೇಕಂತೆ!

ಕೋಣೆಯಲ್ಲಿ ನೋಂದಣಿ ಪತ್ರ ಇದ್ದಿದ್ದಿಲ್ಲ. ಖಾಸಗಿ ವೈದ್ಯಕೀಯ ಸಂಸ್ಥೆಗಳ 2007ರ ಕಾಯ್ದೆ ಪ್ರಕಾರ ಕ್ಲಿನಿಕ್ಕಿಗೆ ನೋಂದಣಿ ಬೇಕು, ಪತ್ರ ಎದ್ದು ಕಾಣುವ ಹಾಗೆ ಹಾಕಬೇಕು. ಗೋಡೆ ಮೇಲೆ ಅದು ಇಲ್ಲದಿದ್ದರೆ ಚಪ್ಪಲಿ ಬಿಡಬೇಡ್ರಿ. ಸೀಸೆ ನಿಮ್ಮ ಕಣ್ಣ ಮುಂದೆ ಒಡೆಯಲಿ, ಹೆಸರು ಓದಿರಿ. ಹೆಸರಿಲ್ಲದ ಪೊಟ್ಟಣದ ಗುಳಿಗಿ ಮುಟ್ಟಬೇಡ್ರಿ. ದೂರು ಜಿಲ್ಲಾ ಆರೋಗ್ಯಾಧಿಕಾರಿ ಕಚೇರಿಗೆ ಕೊಡಬಹುದು, ನಾನು ಕೊಟ್ಟಿದ್ದೀನಿ.

ಕೈಗೆ ಮಾಡಬೇಕಾದದ್ದು ಮೊದಲು ಪಟ್ಟಿ. ಬರೀ ಮಣಿಕಟ್ಟಿಗೆ ಸುತ್ತುವ ಎಲಾಸ್ಟಿಕ್ ಪಟ್ಟಿ ಈ ನೋವಿಗೆ ದಂಡ, ಹೆಬ್ಬೆರಳು ಅಲ್ಲಾಡ್ತಾನೇ ಇರ್ತದೆ. ಹೆಬ್ಬೆರಳನ್ನೂ ಸೇರಿಸಿ ಹಿಡಿಯುವ ಗಟ್ಟಿ ಪಟ್ಟಿ ಕೇಳಿ ತಗೊಳ್ರಿ, ಕೆಲವು ವಾರ ಹಾಕಿಕೊಳ್ರಿ. ಮಣ್ಣು ಗಟ್ಟಿ ಇದ್ದಷ್ಟೂ ಹೆಬ್ಬೆರಳು ಜಾಸ್ತಿ ಒತ್ತಬೇಕು. ಅದಕ್ಕೆ ಇನ್ನೊಂದು ದಿನ ಹೆಚ್ಚು ನೆನೆಹಾಕಿ, ಕಾಲಿನಿಂದ ತುಳಿದು ಮೆತ್ತಗೆ ಮಾಡಿ, ಎರಡು ಕಿಲೋ ಮುದ್ದೆಗೆ ಇಳಿಸ್ರಿ. ಮುದ್ದೆಯನ್ನು ನಡುವಿಗೆ ತರುವಾಗ ಮೊಣಕೈ ತೊಡೆಗೆ ಆನಿಸಿ, ಮಣಿಕಟ್ಟು ನೆಟ್ಟಗಿಟ್ಟು, ಸೊಂಟದಿಂದ ಭಾರ ಹಾಕಬೇಕು. ಕೊಡ ತಟ್ಟುವ ಹಲಗೆಯ ಹಿಡಿ ಸಣ್ಣದಿದ್ದರೆ ಬೆರಳು ಬಿಗಿದು ಹಿಡೀತವೆ, ಹಳೇ ಬಟ್ಟೆ ಸುತ್ತಿ ದಪ್ಪ ಮಾಡ್ರಿ. ಎಳೆಯುವುದು, ತಟ್ಟುವುದು ಎರಡೂ ಒಂದೇ ದಿನ ಬೇಡ. ಕೋಲಿನಿಂದ ತಿರುಗಿಸುವ ತಿಗರಿ ಇದ್ದವರಿಗೆ ಆ ಜಗ್ಗಾಟವೇ ಅರ್ಧ ನೋವು. ಪಿಎಂ ವಿಶ್ವಕರ್ಮ ಯೋಜನೆಯಲ್ಲಿ ಕುಂಬಾರರೂ ಇದ್ದಾರೆ, ಉಪಕರಣಕ್ಕೆ 15,000 ರೂಪಾಯಿವರೆಗೆ ಸಿಗ್ತದೆ. ನನ್ನ 4,500 ಅದರ ಮೇಲೆ ಹಾಕಿದ್ದರೆ ಮೋಟಾರು ತಿಗರಿ ಹತ್ತಿರಕ್ಕಾದರೂ ಬರ್ತಿತ್ತು.

ಮೊನ್ನೆ ಹೋಗಿ ನೋಡಿದೆ. ಆ ಕೋಣೆಗೆ ಬೀಗ. ನಾಲ್ಕು ಓಣಿ ಆಚೆ ಹೊಸ ಫ್ಲೆಕ್ಸು, ಬೇರೆ ಹೆಸರು, "ಮೊಣಕಾಲು ನೋವಿಗೆ ಐದು ಸೂಜಿ". ಕೆಳಗಿನ ಫೋನ್ ನಂಬರ್ ಮಾತ್ರ ಅದೇ.