ದಾಸವಾಳದ ಹಿಟ್ಟು ತಿಗಣೆಗೆ ಬೇವಿನ ಎಣ್ಣೆಯೋ, ಬೇವಿನ ಸೋಪೋ, ಗುಲಗಂಜಿ ಹುಳವೋ?

‘ದಾಸವಾಳದ ಕುಡಿಗೆಲ್ಲ ಬಿಳಿ ಹತ್ತಿ ಮೆತ್ತಿದ ಹಾಗಾಗಿದೆ, ಏನು ಮಾಡಲಿ?’ ಎಂದು ಯಾರು ಕೇಳಿದರೂ ಸಿಗುವ ಉತ್ತರ ಒಂದೇ: ‘ಬೇವಿನ ಎಣ್ಣೆ ಹೊಡೀರಿ’. ತಪ್ಪೇನಲ್ಲ, ಆದರೆ ಅದು ಅರ್ಧ ಉತ್ತರ. ಬೆಂಗಳೂರಿನ ನಮ್ಮ ತಾರಸಿಯಲ್ಲಿ ಒಂದೇ ಸಾಲಿನಲ್ಲಿರುವ ದಾಸವಾಳದ ಕುಂಡಗಳಿಗೆ ಒಂದೊಂದಕ್ಕೆ ಒಂದೊಂದು ಮದ್ದು ಮಾಡಿ, ಬೇಸಿಗೆ ಮಳೆಗಾಲ ಎರಡರಲ್ಲೂ ನೋಡಿಕೊಂಡು ಬಂದಿದ್ದೇನೆ. ಪೂಜೆಗೆ ಹೂ ಕೀಳುವ, ಮಕ್ಕಳು ಓಡಾಡುವ, ಜೇನು ಬರುವ ತಾರಸಿಯಾದರೆ ನನ್ನ ಓಟು ಬೇವಿನ ಸೋಪಿಗೆ.

ಮದ್ದಿನ ಮಾತಿಗೆ ಮುಂಚೆ ಆ ಬಿಳಿಯೊಳಗೆ ಏನಿದೆ ಅಂತ ನೋಡಿಬಿಡಿ. ಉಗುರಿನಿಂದ ಸ್ವಲ್ಪ ಕೆರೆದರೆ 2–3 ಮಿಲಿಮೀಟರಿನ ಗುಲಾಬಿ ಬಣ್ಣದ ಹುಳ ಸಿಗುತ್ತದೆ. ಅಮುಕಿದರೆ ಬೆರಳಿಗೆ ಕೆಂಪು ಛಾಯೆಯ ರಸ ಹತ್ತುತ್ತದೆ. ಪಕ್ಕದಲ್ಲೇ ನೂಲಿನೆಳೆಯ ಪುಟ್ಟ ಚೀಲ, ಅದರ ತುಂಬ ಮೊಟ್ಟೆ. ಇದು ದಾಸವಾಳದ ಗುಲಾಬಿ ಹಿಟ್ಟು ತಿಗಣೆ. ರಸ ಹೀರುವಾಗ ಇದು ಬಿಡುವ ಜೊಲ್ಲಿನಿಂದ ಎಳೆ ಎಲೆ ಮುದುಡುತ್ತದೆ, ಕುಡಿ ಗಂಟುಗಟ್ಟುತ್ತದೆ, ಮೊಗ್ಗು ಅರಳುವ ಮೊದಲೇ ಉದುರುತ್ತದೆ. ಅಮುಕಿದಾಗ ರಸ ಹಳದಿಯಾಗಿದ್ದರೆ ಅದು ಪಪ್ಪಾಯಿಯ ಹಿಟ್ಟು ತಿಗಣೆ ಇರಬಹುದು. ಅದೂ ದಾಸವಾಳಕ್ಕೆ ಬರುತ್ತದೆ. ಅದರ ವಿಚಾರ ಬೇರೆ, ಮುಂದೆ ಬರುತ್ತೇನೆ.

ಮೈಮೇಲಿನ ಆ ಬಿಳಿ ಪುಡಿ ಮೇಣ. ಬರೀ ನೀರಿನಲ್ಲಿ ಕಲಸಿದ ಯಾವ ಮದ್ದು ಹೊಡೆದರೂ ಹನಿ ಹನಿಯಾಗಿ ಜಾರಿಹೋಗುತ್ತದೆ. ಮೊಟ್ಟೆಯ ಚೀಲದೊಳಕ್ಕಂತೂ ಏನೂ ಇಳಿಯುವುದಿಲ್ಲ. ಹಾಗಾಗಿ ಮದ್ದು ಮದ್ದನ್ನು ಹೋಲಿಸುವಾಗ ನಾನು ನೋಡಿದ್ದು ಎರಡೇ ವಿಷಯ: ಮೇಣವನ್ನು ಯಾವುದು ಒಡೆಯುತ್ತದೆ, ಮುದುಡಿದ ಎಲೆಯ ಮಡಿಕೆಯೊಳಕ್ಕೆ ಯಾವುದು ತಲುಪುತ್ತದೆ.

ಎರಡನೆಯದಕ್ಕೆ ಯಾವ ಬಾಟಲಿಯೂ ಉತ್ತರ ಕೊಡಲಿಲ್ಲ, ಕೊಟ್ಟಿದ್ದು ಕತ್ತರಿ. ಗಂಟುಗಟ್ಟಿದ ಕುಡಿಗಳನ್ನು ಉಳಿಸಿಕೊಂಡು ಸಿಂಪಡಿಸಿದ ಗಿಡದಲ್ಲಿ ಯಾವ ಮದ್ದೂ ನಿಲ್ಲಲಿಲ್ಲ. ಅವನ್ನು ಕತ್ತರಿಸಿ ಸಿಂಪಡಿಸಿದ ಗಿಡದಲ್ಲಿ ಸಾಧಾರಣ ಮದ್ದೂ ಚೆನ್ನಾಗಿ ನಡೆಯಿತು. ದಾಸವಾಳ ಹೂ ಬಿಡುವುದು ಹೊಸ ಚಿಗುರಿನಲ್ಲಿ, ಆದ್ದರಿಂದ ಕತ್ತರಿಸಲು ಕೈ ಹಿಂಜರಿಯುವುದು ಬೇಡ. ಮುದುಡಿದ ಭಾಗದಿಂದ ನಾಲ್ಕು ಬೆರಳು ಕೆಳಗೆ, ಹೊರಮುಖವಾಗಿರುವ ಗಿಣ್ಣಿನ ಮೇಲಕ್ಕೆ ಓರೆಯಾಗಿ ಕತ್ತರಿಸಿ. ಒಂದೂವರೆ ಎರಡು ತಿಂಗಳಲ್ಲಿ ಮತ್ತೆ ಮೊಗ್ಗು ಬರುತ್ತದೆ. ಕತ್ತರಿಸಿದ್ದನ್ನು ನೆಲಕ್ಕೆ ಬಿಸಾಡದೆ, ಕಾಂಪೋಸ್ಟಿಗೂ ಹಾಕದೆ, ಕವರಿಗೆ ತುಂಬಿ ಬಾಯಿ ಕಟ್ಟಿ ಬಿಸಿಲಿಗಿಡಿ. ನಮ್ಮಲ್ಲಿ ತಿಗಣೆ ಏರುವುದು ಫೆಬ್ರವರಿಯಿಂದ ಮೇವರೆಗೆ. ಜನವರಿಯ ಕೊನೆಯಲ್ಲೇ ಒಮ್ಮೆ ಸವರಿದ ಗಿಡಕ್ಕೆ ಬೇಸಿಗೆಯಲ್ಲಿ ಕಾಟ ಕಡಿಮೆ.

ಇನ್ನು ಬೇವಿನ ಎಣ್ಣೆ. ಲೀಟರ್ ನೀರಿಗೆ 5 ಎಂ.ಎಲ್. ಎಣ್ಣೆ, ಅದು ನೀರಿಗೆ ಬೆರೆಯಲು ಕೆಲವು ಹನಿ ಸೋಪಿನ ನೀರು. ಇದು ಹುಳವನ್ನು ನಿಂತಲ್ಲೇ ಕೊಲ್ಲುವ ಮದ್ದಲ್ಲ. ಬೇವಿನ ಅಜಾಡಿರಕ್ಟಿನ್ ಎಂಬ ಅಂಶ ಮರಿಗಳು ಪೊರೆ ಕಳಚಿ ಬೆಳೆಯುವುದನ್ನು ಕೆಡಿಸುತ್ತದೆ, ರಸ ಹೀರುವ ಆಸೆಯನ್ನೂ ತಗ್ಗಿಸುತ್ತದೆ. ನನ್ನ ಗಿಡದಲ್ಲೂ ಆಗಿದ್ದು ಅದೇ: ಮರಿಗಳು ಕಡಿಮೆಯಾದವು, ದೊಡ್ಡವು ಹಾಗೇ ಕೂತಿದ್ದವು, ಮೊಟ್ಟೆ ಚೀಲಗಳಿಗೆ ಏನೂ ಆಗಲಿಲ್ಲ. ಕೊಳ್ಳುವಾಗ ಬಾಟಲಿಯ ಮೇಲೆ ಪಿ.ಪಿ.ಎಂ. (ಹತ್ತು ಲಕ್ಷ ಭಾಗದಲ್ಲಿ ಅಜಾಡಿರಕ್ಟಿನ್ ಎಷ್ಟು ಭಾಗ ಎಂಬ ಲೆಕ್ಕ) ಎಷ್ಟು ಎಂದು ನೋಡಿ. 1500, 3000, 10000 ಎಂದು ಬರೆದಿರುವವು ಬೇರೆ ಬೇರೆ ತೀವ್ರತೆಯವು, ಅಳತೆಯೂ ಅದಕ್ಕೆ ತಕ್ಕಂತೆ ಬದಲಾಗುತ್ತದೆ. ಏನೂ ಬರೆಯದ ಬಾಟಲಿಯಲ್ಲಿ ಎಷ್ಟು ಸತ್ವವಿದೆಯೋ ಹೇಳಲಾಗದು. ಡಿಸೆಂಬರ್ ಚಳಿಗೆ ಎಣ್ಣೆ ಗಟ್ಟಿಯಾಗಿ, ಬಾಟಲಿಯನ್ನು ಬಿಸಿನೀರಿನಲ್ಲಿಟ್ಟು ಕರಗಿಸಿಕೊಳ್ಳಬೇಕು. ಅರೆಬೆರೆ ಬೆರೆತ ಎಣ್ಣೆ ಎಲೆಯ ಮೇಲೆ ನಿಂತು ಬಿಸಿಲು ಬಿದ್ದರೆ ಕಂದು ಮಚ್ಚೆ ಬೀಳುತ್ತದೆ. ನಾಟಿ ಐದೆಸಳಿನ ಕೆಂಪು ದಾಸವಾಳ ಇದನ್ನು ತಡೆದುಕೊಂಡಿತು. ನರ್ಸರಿಯಿಂದ ತಂದ ದೊಡ್ಡ ಹೂವಿನ ಹೈಬ್ರಿಡ್ ತಡೆಯಲಿಲ್ಲ.

ಬೇವಿನ ಸೋಪಿನಲ್ಲಿ ಈ ರಗಳೆ ಇಲ್ಲ. ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಯವರು ತರಕಾರಿ ಬೆಳೆಗಾರರಿಗೆಂದು ರೂಪಿಸಿದ ಮದ್ದು ಇದು. ಇದರ ಜೋಡಿಯಾಗಿ ಹೊಂಗೆ ಸೋಪೂ ಇದೆ. ಬೇವಿನ ಎಣ್ಣೆಯೇ ಸೋಪಿನ ರೂಪದಲ್ಲಿರುವುದರಿಂದ ನೀರಿನಲ್ಲಿ ತಾನಾಗಿ ಕರಗುತ್ತದೆ, ಎಲೆಯ ಮೇಲೆ ಹನಿಗಟ್ಟದೆ ಹರಡಿಕೊಳ್ಳುತ್ತದೆ. ನಾನು ಲೀಟರಿಗೆ 8ರಿಂದ 10 ಗ್ರಾಂ ಚೂರು ಮಾಡಿ, ಸ್ವಲ್ಪ ಉಗುರುಬೆಚ್ಚನೆ ನೀರಿನಲ್ಲಿ ಕದಡಿ, ಆಮೇಲೆ ಪೂರ್ತಿ ನೀರು ಸೇರಿಸುತ್ತೇನೆ. ಸಿಂಪಡಿಸುವಾಗಲೇ ವ್ಯತ್ಯಾಸ ಕಣ್ಣಿಗೆ ಕಾಣುತ್ತದೆ. ಬೇವಿನ ಎಣ್ಣೆಯ ನೀರು ಬಿದ್ದಾಗ ಬಿಳಿ ಪುಡಿ ಬಿಳಿಯಾಗಿಯೇ ಇರುತ್ತದೆ. ಸೋಪಿನ ನೀರು ಬಿದ್ದಲ್ಲಿ ಪುಡಿ ನೆನೆದು, ಕರಗಿದಂತಾಗಿ, ಒಳಗಿನ ಗುಲಾಬಿ ಮೈ ಬೆತ್ತಲಾಗುತ್ತದೆ. ಮರುದಿನ ಮುಟ್ಟಿದರೆ ಒಣಗಿ ಉದುರುತ್ತದೆ.

ಇದಕ್ಕೂ ಮಿತಿ ಉಂಟು. ಸೋಪು ಒದ್ದೆ ಇರುವವರೆಗೆ ಮಾತ್ರ ಕೆಲಸ ಮಾಡುತ್ತದೆ, ಒಣಗಿದ ಮೇಲೆ ಹರಿದು ಬರುವ ಹುಳಕ್ಕೆ ಏನೂ ಆಗದು. ಆದ್ದರಿಂದ ಎಲೆಯ ಅಡಿ, ಗಿಣ್ಣಿನ ಸಂದು, ಮೊಗ್ಗಿನ ತೊಟ್ಟು ತೊಯ್ಯಲೇಬೇಕು, ಮತ್ತು ವಾರಕ್ಕೊಮ್ಮೆಯಂತೆ ಮೂರು ನಾಲ್ಕು ವಾರ ಬಿಡದೆ ಮಾಡಬೇಕು. ಚೀಲದಲ್ಲಿ ಉಳಿದ ಮೊಟ್ಟೆ ಒಡೆದು ಬರುವ ಮರಿಗಳು ಹೀಗೆ ಮಾಡಿದರಷ್ಟೇ ಸಿಗುತ್ತವೆ. ಇನ್ನೊಂದು ಸಂಗತಿಯನ್ನು ಬೆಂಗಳೂರಿನವರು ಗಮನಿಸಲೇಬೇಕು: ಬೋರ್‌ವೆಲ್‌ನ ಗಡಸು ನೀರಿನಲ್ಲಿ ಸೋಪು ಒಡೆದು ಬಿಳಿ ಕೆನೆಯಂತೆ ತೇಲುತ್ತದೆ, ಸತ್ವ ಹೋಗುತ್ತದೆ. ಕಾವೇರಿ ನೀರಿನಲ್ಲೋ ಹಿಡಿದಿಟ್ಟ ಮಳೆ ನೀರಿನಲ್ಲೋ ಕಲಸಿದ್ದೂ ಬೋರ್ ನೀರಿನಲ್ಲಿ ಕಲಸಿದ್ದೂ ಪಕ್ಕಪಕ್ಕ ಹೊಡೆದು ನೋಡಿ, ಎರಡು ಬೇರೆ ಮದ್ದು ಎನಿಸುವಷ್ಟು ಅಂತರ. ‘ಸೋಪು ಹಾಕಿದೆ, ಏನೂ ಆಗಲಿಲ್ಲ’ ಎನ್ನುವವರಿಗೆ ನಾನು ಮೊದಲು ಕೇಳುವುದು ಯಾವ ನೀರು ಎಂದೇ.

ಪಾತ್ರೆ ತೊಳೆಯುವ ಲಿಕ್ವಿಡ್ ಸಾಕಲ್ಲವೇ ಎಂದರೆ, ಬೇಡ. ಅದು ಡಿಟರ್ಜೆಂಟ್. ತಿಗಣೆ ಸತ್ತರೂ ಎಳೆ ಎಲೆಯ ಅಂಚು ಸುಡುತ್ತದೆ. ಗಂಜಿ ನೀರು, ಒಲೆ ಬೂದಿ, ಹುಳಿ ಮಜ್ಜಿಗೆ ಮೂರನ್ನೂ ಮಾಡಿದೆ. ಗಿಡದ ಸಸ್ಯಹೇನಿಗೆ ಒಂದಿಷ್ಟು ಉಪಯೋಗವಾಯಿತು, ಹಿಟ್ಟು ತಿಗಣೆಗೆ ಇಲ್ಲ. ಗಿಡ ಒಂದೇ ಇದ್ದು, ಹುಳ ಕೈಯಲ್ಲಿ ಎಣಿಸುವಷ್ಟಿದ್ದರೆ ಮೆಡಿಕಲ್ ಶಾಪಿನ ಸರ್ಜಿಕಲ್ ಸ್ಪಿರಿಟ್ ಸಾಕು. ಹತ್ತಿಯಲ್ಲಿ ಅದ್ದಿ ಒಂದೊಂದಕ್ಕೆ ಮುಟ್ಟಿಸಿದರೆ ಆಯಿತು.

ಬಿಳಿ ಪುಡಿಯಾಗಿ ಪ್ಯಾಕೆಟ್ಟಿನಲ್ಲಿ ಸಿಗುವ ಲೆಕಾನಿಸಿಲಿಯಂ ಲೆಕಾನಿ (ಹಳೆಯ ಹೆಸರು ವರ್ಟಿಸಿಲಿಯಂ) ಎಂಬ ಶಿಲೀಂಧ್ರವನ್ನೂ ತಂದಿದ್ದೆ. ಹುಳದ ಮೈಮೇಲೆ ಬೆಳೆದು ಅದನ್ನು ಕೊಲ್ಲುವ ಶಿಲೀಂಧ್ರ. ಜುಲೈನ ಜಿನುಗು ಮಳೆಯ ಸಂಜೆಗಳಲ್ಲಿ ಒಳ್ಳೆಯ ಫಲ ಕೊಟ್ಟಿತು. ಏಪ್ರಿಲ್‌ನಲ್ಲಿ ಏನೂ ಇಲ್ಲ, ಏಕೆಂದರೆ ಅದು ಬೆಳೆಯಲು ಗಾಳಿಯಲ್ಲಿ ತೇವ ಬೇಕು. ತಿಗಣೆ ಹೆಚ್ಚುವುದು ಒಣ ಬೇಸಿಗೆಯಲ್ಲಿ, ಈ ಮದ್ದು ನಡೆಯುವುದು ಮಳೆಯಲ್ಲಿ. ಮಂಗಳೂರು, ಉಡುಪಿ ಕಡೆಯವರಿಗೆ ಇದು ನಮಗಿಂತ ಹೆಚ್ಚು ಒದಗೀತು.

ನನಗೆ ಅತಿ ಹೆಚ್ಚು ಸಂತೋಷ ಕೊಟ್ಟದ್ದು ಮಾತ್ರ ಗುಲಗಂಜಿ ಹುಳ. ಕ್ರಿಪ್ಟೋಲೀಮಸ್ ಎಂಬ ಈ ಜಾತಿ ಆಸ್ಟ್ರೇಲಿಯಾ ಮೂಲದ್ದು. ಕಾಫಿಯ ಹಸಿರು ಶಲ್ಕ ಕೀಟ ತಿನ್ನಲೆಂದು 1898ರಲ್ಲೇ ಭಾರತಕ್ಕೆ ತಂದರು. ಅದಕ್ಕಲ್ಲ, ಹಿಟ್ಟು ತಿಗಣೆ ತಿನ್ನುವುದರಲ್ಲಿ ಹೆಸರು ಮಾಡಿತು. ಇಂದು ದ್ರಾಕ್ಷಿ, ಕಾಫಿ ತೋಟಗಳಿಗೆ ಬಿಡಲು ಇದನ್ನು ಸಾಕಿ ಮಾರುತ್ತಾರೆ. ದೊಡ್ಡ ಹುಳಕ್ಕೆ ಕಪ್ಪು ಬೆನ್ನು, ಕಿತ್ತಳೆ ತಲೆ. ಮರಿಯೋ ಮೈತುಂಬ ಬಿಳಿ ಮೇಣದ ಎಳೆ ಹೊತ್ತು ಥೇಟ್ ಹಿಟ್ಟು ತಿಗಣೆಯಂತೆಯೇ ಕಾಣುತ್ತದೆ. ಎಷ್ಟೋ ಜನ ಅದನ್ನು ‘ದೊಡ್ಡ ತಿಗಣೆ’ ಎಂದು ತಿಳಿದು ಹಿಸುಕಿಬಿಡುತ್ತಾರೆ. ಗುರುತು ಸುಲಭ: ತಿಗಣೆಗಿಂತ ಎರಡು ಮೂರು ಪಟ್ಟು ದೊಡ್ಡದು, ಮೇಣದ ಎಳೆಗಳು ಉದ್ದುದ್ದ, ಕಡ್ಡಿಯಿಂದ ಮುಟ್ಟಿದರೆ ಸರಸರನೆ ಓಡುತ್ತದೆ. ತಿಗಣೆ ಓಡುವುದಿಲ್ಲ. ಕುಡಿಯ ಹತ್ತಿರ ಕಣ್ಣಿಟ್ಟು ನೋಡಿದರೆ ಅದು ಮೊಟ್ಟೆ ಚೀಲವನ್ನು ಹರಿದು ತಲೆ ತೂರಿಸಿ ತಿನ್ನುವುದು ಕಾಣುತ್ತದೆ. ಸೋಪಿಗೂ ಎಣ್ಣೆಗೂ ಸಾಧ್ಯವಾಗದ ಕೆಲಸ ಅದು. ಹುಳ ಬಿಟ್ಟ ಗಿಡದಷ್ಟು ಶುಚಿಯಾದ ಗಿಡ ನನ್ನ ಸಾಲಿನಲ್ಲಿ ಬೇರೆ ಇರಲಿಲ್ಲ.

ಹಾಗಿದ್ದೂ ಓಟು ಸೋಪಿಗೆ ಏಕೆ? ಗುಲಗಂಜಿ ಹುಳ ನಿಲ್ಲಬೇಕಾದರೆ ತಿನ್ನಲು ತಿಗಣೆ ಬೇಕಾದಷ್ಟಿರಬೇಕು. ಮುಗಿದ ಕೂಡಲೇ ಹಾರಿಹೋಗುತ್ತದೆ. ನಾಲ್ಕು ಕುಂಡದ ತಾರಸಿಗೆ ಅದನ್ನು ತರಿಸುವುದು ಹಣಕ್ಕೂ ಹುಳಕ್ಕೂ ನಷ್ಟ. ಇಪ್ಪತ್ತು ಮೂವತ್ತು ಗಿಡಗಳಿದ್ದು ಅರ್ಧಕ್ಕರ್ಧ ಬಿಳಿಯಾಗಿದ್ದರೆ ಖಂಡಿತ ತರಿಸಿ. ಆಗ ಸೋಪು, ಎಣ್ಣೆ ಎಲ್ಲ ನಿಲ್ಲಿಸಬೇಕು, ಇರುವೆಯನ್ನೂ ತಡೆಯಬೇಕು.

ಇರುವೆಯ ವಿಷಯವನ್ನು ಯಾರೂ ಗಂಭೀರವಾಗಿ ತೆಗೆದುಕೊಳ್ಳುವುದಿಲ್ಲ. ತಿಗಣೆ ಸುರಿಸುವ ಸಿಹಿ ಅಂಟಿಗಾಗಿ ಇರುವೆಗಳು ಅದನ್ನು ಕಾಯುತ್ತವೆ, ತಿನ್ನಲು ಬಂದ ಹುಳವನ್ನು ಓಡಿಸುತ್ತವೆ. ಎಲೆಯ ಮೇಲೆ ಕಪ್ಪು ಬೂಷ್ಟು ಬೆಳೆಯುವುದೂ ಅದೇ ಅಂಟಿನ ಮೇಲೆ. ಕುಂಡವನ್ನು ನೀರಿನ ತಟ್ಟೆಯಲ್ಲಿಟ್ಟ ಇಟ್ಟಿಗೆಯ ಮೇಲೆ ಕೂರಿಸಿ, ಗೋಡೆಗೆ ಅಥವಾ ಪಕ್ಕದ ಗಿಡಕ್ಕೆ ಎಲೆ ತಾಗದಂತೆ ನೋಡಿಕೊಂಡರೆ ಸಾಕು. ಇರುವೆ ತಡೆದ ಗಿಡಕ್ಕೂ ತಡೆಯದ ಗಿಡಕ್ಕೂ ಒಂದೇ ಸೋಪು ಹೊಡೆದೆ. ತಡೆಯದ್ದರಲ್ಲಿ ತಿಂಗಳೊಳಗೆ ಮತ್ತೆ ಬಿಳಿ ಕಂಡಿತು.

ಇನ್ನು ಪಪ್ಪಾಯಿ ಹಿಟ್ಟು ತಿಗಣೆ. ಇದು 2008ರಲ್ಲಿ ಕೊಯಮತ್ತೂರಿನ ಕಡೆ ಮೊದಲು ಕಾಣಿಸಿ, ಪಪ್ಪಾಯಿ, ಹಿಪ್ಪುನೇರಳೆ ತೋಟಗಳನ್ನು ಹಾಳುಗೆಡವಿತು. 2010ರಲ್ಲಿ ಈಗ ಎನ್‌ಬಿಎಐಆರ್ (ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೋ) ಎನಿಸಿಕೊಂಡಿರುವ ಬೆಂಗಳೂರಿನ ಸಂಸ್ಥೆ ಪ್ಯೂರ್ಟೊ ರಿಕೊದಿಂದ ಪುಟ್ಟ ಪರತಂತ್ರ ಕಣಜಗಳನ್ನು ತರಿಸಿ ಬಿಡುಗಡೆ ಮಾಡಿತು. ಅವುಗಳಲ್ಲಿ ಅಸಿರೋಫೇಗಸ್ ಪಪ್ಪಾಯೆ ಎಂಬುದು ತಿಗಣೆಯೊಳಗೇ ಮೊಟ್ಟೆಯಿಟ್ಟು ಹಾವಳಿ ಇಳಿಸಿತು. ಅಮುಕಿದರೆ ಹಳದಿ ರಸ ಬರುವ ತಿಗಣೆಗಳ ನಡುವೆ ಊದಿಕೊಂಡು ಕಂದಾಗಿ ಒಣಗಿದವು ಕಂಡರೆ ಕಣಜ ಆಗಲೇ ಬಂದಿದೆ ಎಂದರ್ಥ. ಆ ಗಿಡಕ್ಕೆ ಏನನ್ನೂ ಹೊಡೆಯಬೇಡಿ.

ಇಮಿಡಾಕ್ಲೋಪ್ರಿಡ್ ಎಂಬ ರಾಸಾಯನಿಕ ಕೀಟನಾಶಕ ಎಲ್ಲಕ್ಕಿಂತ ವೇಗ, ನಿಜ. ನೆಂಟರ ಮನೆಯಲ್ಲಿ ಅದನ್ನು ಹಾಕಿದ ಗಿಡ ಬೇಗ ಶುಚಿಯಾದದ್ದನ್ನು ನೋಡಿದ್ದೇನೆ. ಆದರೆ ಅದು ಗಿಡದ ರಸದಲ್ಲೇ ಸೇರಿ ಹೂವಿನ ಮಕರಂದಕ್ಕೂ ಹೋಗುತ್ತದೆ. ಜೇನಿಗೆ ಅಪಾಯ ಎಂದು ಯುರೋಪಿಯನ್ ಒಕ್ಕೂಟ 2018ರಲ್ಲಿ ಬಯಲಿನಲ್ಲಿ ಇದರ ಬಳಕೆಯನ್ನೇ ನಿಲ್ಲಿಸಿತು. ಸೂರಕ್ಕಿ ಬೆಳಗ್ಗೆ ಬಂದು ಕೊಕ್ಕಿಡುವುದು ಅದೇ ಹೂವಿಗೆ, ಎಲೆ ಅರೆದು ತಲೆಗೆ ಹಚ್ಚಿಕೊಳ್ಳುವುದೂ ಅದೇ ಗಿಡದ್ದು. ನನ್ನ ತಾರಸಿಗೆ ಅದು ಬೇಡವೇ ಬೇಡ.

ಹೊಸ ಗಿಡ ತಂದಾಗ ಸಾಲಿಗೆ ಸೇರಿಸುವ ಮುನ್ನ ಎರಡು ವಾರ ದೂರ ಇಡಿ. ಕುಂಡದ ಅಂಚಿನ ಒಳಮೈ, ಕೆಳಗಿನ ತೂತು, ಕಸಿ ಕಟ್ಟಿದ ಪ್ಲಾಸ್ಟಿಕ್ ಪಟ್ಟಿಯ ಅಡಿ ಬಿಚ್ಚಿ ನೋಡಿ. ಹೈಬ್ರಿಡ್ ದಾಸವಾಳದಲ್ಲಿ ನನಗೆ ತಿಗಣೆ ಹೆಚ್ಚು ಬಾರಿ ಸಿಕ್ಕಿದ್ದು ಆ ಪಟ್ಟಿಯ ಕೆಳಗೆ.