ಮಗಳ ವೀಸಾನ ನಮಗೂ ಅರ್ಥ ಆಗೋ ಹಾಗೆ ಹೇಳಿದ ಹಾಸನದ ಆಫೀಸು

ನಮ್ಮದು ಸಕಲೇಶಪುರ ತಾಲ್ಲೂಕು. ಆರು ಎಕರೆ ಕಾಫಿ, ಮಧ್ಯೆ ಮೆಣಸು. ನಾನು ಓದಿದ್ದು ಪಿಯುಸಿ. ಮಗಳು ಹಾಸನದಲ್ಲಿ ಬಿ.ಇ. ಮುಗಿಸಿ, ಇಂಗ್ಲೆಂಡಿನ ಲೀಡ್ಸ್‌ನಲ್ಲಿ ಒಂದು ವರ್ಷದ ಎಂ.ಎಸ್ಸಿ.ಗೆ ಸೀಟು ತಗೊಂಡು, 2026ರ ಜನವರಿಯಲ್ಲಿ ಹೋದಳು. ಸಾಲಗಾಮೆ ರಸ್ತೆ ಕಡೆ ಮೆಡಿಕಲ್ ಶಾಪಿನ ಮೇಲೆ ಇರೋ ಸಣ್ಣ ವೀಸಾ ಸಲಹೆ ಆಫೀಸಿನ ಬಗ್ಗೆ ಬರೀತಿದ್ದೀನಿ. ಮಗುನ ಹೊರದೇಶಕ್ಕೆ ಕಳಿಸೋಕೆ ಹೊರಟಿರೋ ನಮ್ಮಂಥವರು ಓದಲಿ ಅಂತ.

ಮೊದಲು ಬೆಂಗಳೂರಿನ ಒಂದು ದೊಡ್ಡ ಕನ್ಸಲ್ಟೆನ್ಸಿಗೆ ಹೋಗಿದ್ವಿ. ಮಾತೆಲ್ಲ ಮಗಳ ಜೊತೆ, ಅದೂ ಇಂಗ್ಲಿಷಿನಲ್ಲಿ. ಯಜಮಾನರು “ದುಡ್ಡು ಎಷ್ಟು ತೋರಿಸಬೇಕು ಸಾರ್” ಅಂತ ಕೇಳಿದ್ರೆ “ಅದೆಲ್ಲ ನಾವು ನೋಡ್ಕೋತೀವಿ ಅಂಕಲ್” ಅಂದ್ರು. ಪಾಸ್‌ಬುಕ್ ನಮ್ಮದು, ಸಹಿ ನಮ್ಮದು, ತಪ್ಪಾದ್ರೆ ವೀಸಾ ಹೋಗೋದು ನಮ್ಮ ಮಗಳದ್ದು. ವಾಪಸ್ ಬರೋವಾಗ ಕಾರಲ್ಲಿ ಚನ್ನರಾಯಪಟ್ಟಣ ದಾಟೋವರೆಗೂ ಯಾರೂ ಮಾತಾಡಲಿಲ್ಲ.

ಹಾಸನದ ಈ ಆಫೀಸಲ್ಲಿ ಭಾನುವಾರ ಬೆಳಿಗ್ಗೆ ಅಪ್ಪ ಅಮ್ಮಂದಿರನ್ನೇ ಕೂರಿಸಿಕೊಂಡು ಎರಡು ಗಂಟೆ ಕನ್ನಡದಲ್ಲಿ ಹೇಳಿಕೊಡ್ತಾರೆ. ನಡೆಸೋರು ಬ್ಯಾಂಕಿನಿಂದ ನಿವೃತ್ತಿಯಾದ ಒಬ್ಬ ಮೇಡಂ. ನಾವು ಹೋಗಿದ್ದು ಅಕ್ಟೋಬರ್ ಕೊನೆಗೆ. ಮೊದಲು ಕೈಗೆ ತಗೊಂಡಿದ್ದೇ ನಮ್ಮ ಪಾಸ್‌ಬುಕ್. ಬೆಂಗಳೂರಿನವರು ಕೊಟ್ಟಿದ್ದ ಚೀಟಿಯಲ್ಲಿ, ಅಲ್ಲಿರೋ ಖರ್ಚಿಗೆ ಅಂತ ಅಕೌಂಟಲ್ಲಿ ತೋರಿಸಬೇಕಾದ ದುಡ್ಡು 10,224 ಪೌಂಡ್ ಅಂತಿತ್ತು. ಅದು ತಿಂಗಳಿಗೆ 1,136ರಂತೆ ಒಂಬತ್ತು ತಿಂಗಳ ಹಳೇ ಲೆಕ್ಕ. 2025ರ ನವೆಂಬರ್ 11ರಿಂದ ಅರ್ಜಿ ಹಾಕೋರಿಗೆ, ಲಂಡನ್ ಬಿಟ್ಟು ಬೇರೆ ಊರಾದ್ರೆ, 1,171 ಅಂದ್ರು. ಒಂಬತ್ತು ತಿಂಗಳಿಗೆ 10,539. ಆ ಚೀಟಿ ನಂಬಿಕೊಂಡಿದ್ರೆ 315 ಪೌಂಡ್ ಕಮ್ಮಿ ಬಿದ್ದಿರೋದು. ಪೌಂಡಿನ ದರ ದಿನಕ್ಕೊಂದು ಥರ ಇರುತ್ತೆ, ಐವತ್ತು ಸಾವಿರ ಜಾಸ್ತಿನೇ ಇಟ್ಟಿರಿ ಅಂತಲೂ ಹೇಳಿದ್ರು.

ಆಮೇಲೆ 28 ದಿನದ ವಿಚಾರ. ದುಡ್ಡು ಅಕೌಂಟಲ್ಲಿ ಸತತ 28 ದಿನ ಇರಬೇಕು, ಒಂದು ದಿನ, ಒಂದು ರೂಪಾಯಿ ಕಮ್ಮಿಯಾದ್ರೂ ಎಣಿಕೆ ಮತ್ತೆ ಮೊದಲಿಂದ. 28ನೇ ದಿನ ಕಳೆದು 31 ದಿನದೊಳಗೆ ಅರ್ಜಿ ಹಾಕಬೇಕು. ಪಹಣಿ, ತೋಟದ ಬೆಲೆ, ಮೈಮೇಲಿನ ಬಂಗಾರ ಯಾವುದೂ ಇದಕ್ಕೆ ಲೆಕ್ಕಕ್ಕಿಲ್ಲ. ಮೇಡಂ ಗೋಡೆ ಕ್ಯಾಲೆಂಡರಿನ ನವೆಂಬರ್ ಹಾಳೆ ತೆಗೆದು, 3ರಿಂದ 30ರವರೆಗೆ ಕೆಂಪು ಪೆನ್ನಿನಲ್ಲಿ ಒಂದೊಂದೇ ದಿನಕ್ಕೆ ಸುತ್ತು ಹಾಕಿ, “ಇದನ್ನ ಅಡುಗೆಮನೆಯಲ್ಲಿ ಅಂಟಿಸಿ” ಅಂತ ನನ್ನ ಕೈಗೇ ಕೊಟ್ರು. ಗ್ಯಾಸ್ ಒಲೆ ಪಕ್ಕ ಅಂಟಿಸಿದೆ. ದಿನಾ ಬೆಳಿಗ್ಗೆ ಹಾಲು ಕಾಯೋಕಿಟ್ಟು ಒಂದು ಸುತ್ತಿಗೆ ಗೀಟು ಹಾಕ್ತಿದ್ದೆ.

ಅದು ಅರೇಬಿಕಾ ಹಣ್ಣು ಬಿಡಿಸೋ ಕಾಲ. ನವೆಂಬರ್ 21, ಶುಕ್ರವಾರ, ಮಾರನೇ ದಿನ ಆಳುಗಳ ಬಟವಾಡೆ. ಯಜಮಾನರು ಚೆಕ್‌ಬುಕ್ ಜೇಬಿಗಿಟ್ಟು ಹೊರಟೇಬಿಟ್ಟಿದ್ರು, ನಲವತ್ತು ಸಾವಿರ ತೆಗೆಯೋಣ, ಸೋಮವಾರ ಹಾಕಿದ್ರಾಯ್ತು ಅಂತ. ನಾನು ಅಡುಗೆಮನೆಗೆ ಕರೆದು ಆ ಹಾಳೆ ತೋರಿಸಿದೆ. ಹತ್ತೊಂಬತ್ತು ಗೀಟು ಬಿದ್ದಿತ್ತು, ಇನ್ನೂ ಒಂಬತ್ತು ಉಳಿದಿತ್ತು. ಸ್ವಲ್ಪ ಹೊತ್ತು ಅದನ್ನೇ ನೋಡಿ ಚೆಕ್‌ಬುಕ್ ತೆಗೆದಿಟ್ರು. ಇಟ್ಟಿದ್ದ ಮೆಣಸಲ್ಲಿ ಒಂದು ಚೀಲ ಮಾರಿ ಬಟವಾಡೆ ಮಾಡಿದ್ವಿ. ಯಾರೂ ಹೇಳದೇ ಇದ್ದಿದ್ರೆ ಆವತ್ತು ಆ ದುಡ್ಡು ತೆಗೆದುಬಿಡ್ತಿದ್ವಿ, ಗೊತ್ತೇ ಆಗ್ತಿರಲಿಲ್ಲ. ಈ ವಿಮರ್ಶೆ ಬರೀತಿರೋದು ಅದೊಂದಕ್ಕೇ ಅಂದ್ರೂ ಸರಿ.

ಖರ್ಚನ್ನೂ ಮೊದಲೇ ಬಿಡಿಸಿ ಹೇಳಿದ್ರು. ಆಗ, 2025ರ ಕೊನೆಗೆ, ವೀಸಾ ಅರ್ಜಿಗೆ 524 ಪೌಂಡ್ ಇತ್ತು. ಅಲ್ಲಿನ ಆಸ್ಪತ್ರೆ ಸೌಲಭ್ಯಕ್ಕೆ ವರ್ಷಕ್ಕೆ 776, ಆದರೆ ಒಂದು ವರ್ಷದ ಕೋರ್ಸಿಗೆ ವೀಸಾ ಸ್ವಲ್ಪ ಜಾಸ್ತಿ ಕಾಲ ಸಿಗೋದರಿಂದ 1,164 ಕಟ್ಟಬೇಕಿತ್ತು. ವೀಸಾ ಸಿಗದಿದ್ರೆ ಆಸ್ಪತ್ರೆ ದುಡ್ಡು ವಾಪಸ್ ಬರುತ್ತೆ, ಅರ್ಜಿ ದುಡ್ಡು ಬರಲ್ಲ. ಟಿಬಿ ಪರೀಕ್ಷೆಗೆ ಬೆಂಗಳೂರಿಗೆ ಹೋಗಲೇಬೇಕು.

“ಅವಳು ಅಲ್ಲಿ ಕೆಲಸ ಮಾಡ್ಕೊಂಡು ಖರ್ಚು ತೂಗಿಸ್ಕೋಬಹುದಾ?” ಅಂತ ಕೇಳಿದೆ. ಕಾಲೇಜು ನಡೆಯೋವಾಗ ವಾರಕ್ಕೆ 20 ಗಂಟೆ ಮಾತ್ರ, ಆ ದುಡ್ಡನ್ನು ನಂಬಿ ಕಳಿಸಬೇಡಿ ಅಂದ್ರು. ಓದು ಮುಗಿದ ಮೇಲೆ ಎರಡು ವರ್ಷ ಅಲ್ಲೇ ಇದ್ದು ಕೆಲಸ ಮಾಡಬಹುದು ಅಂತ ಎಲ್ಲರೂ ಹೇಳ್ತಾರಲ್ಲ, 2027ರ ಜನವರಿ 1ರಿಂದ ಅರ್ಜಿ ಹಾಕೋರಿಗೆ ಅದು 18 ತಿಂಗಳು. ನಮ್ಮ ಮಗಳು ಮುಗಿಸೋದೇ ಆವಾಗ. ಕೇಳೋಕೆ ಬೇಜಾರಾಯ್ತು, ಆದರೆ ಸಾಲ ತೀರಿಸೋ ಲೆಕ್ಕ ಹಾಕೋಕೆ ನಮಗೆ ಬೇಕಾಗಿದ್ದು ಆ ನಿಜಾನೇ.

ಒಂದು ವಿಷಯದಲ್ಲಿ ಮಾತ್ರ ಅವರ ಮೇಲೆ ಬೇಸರ ಇದೆ. ಅಪ್ಪನ ಅಕೌಂಟ್ ತೋರಿಸಿದ್ರೆ ಮಗಳ ಜನನ ಪತ್ರ, ಅಪ್ಪನ ಒಪ್ಪಿಗೆ ಪತ್ರ ಎರಡೂ ಬೇಕು ಅಂತ ಮೊದಲ ಭಾನುವಾರವೇ ಹೇಳಬೇಕಿತ್ತು. ಹೇಳಿದ್ದು ನವೆಂಬರ್ ಮಧ್ಯದಲ್ಲಿ. ನಮ್ಮ ಹತ್ರ ಇದ್ದದ್ದು ಕೈಬರಹದ ಹಳೇ ಕನ್ನಡ ಪತ್ರ. ಅದರಲ್ಲಿ ಯಜಮಾನರ ಹೆಸರಿನ ಜೊತೆ ‘ಗೌಡ’ ಇದೆ, ಬ್ಯಾಂಕಿನಲ್ಲಿ ಇಲ್ಲ. ಬ್ಯಾಂಕಿನಲ್ಲಿ ಹೆಸರು ಸರಿಮಾಡಿಸಿ, ಪತ್ರ ಅನುವಾದ ಮಾಡಿಸೋಕೆ ಹತ್ತು ದಿನ ಓಡಾಡಿದ್ವಿ. ಈ ಮಾತನ್ನ ಮೇಡಂ ಎದುರೇ ಹೇಳಿದ್ದೀನಿ, ತಪ್ಪು ಅಂತ ಅವರು ಒಪ್ಪಿಕೊಂಡ್ರು.

ಫೀಸು ಮೂರು ಸಾವಿರ, ರಸೀದಿ ಕೊಡ್ತಾರೆ. ಕಾಲೇಜುಗಳಿಂದ ಕಮಿಷನ್ ತಗೊಳಲ್ಲ, ಹಾಗಾಗಿ ಈ ಕಾಲೇಜಿಗೇ ಹೋಗಿ ಅಂತ ಒತ್ತಾಯ ಇಲ್ಲ. ನೀವು ಎಲ್ಲೇ ಹೋದ್ರೂ “ನಿಮಗೆ ಕಾಲೇಜಿನವರು ದುಡ್ಡು ಕೊಡ್ತಾರಾ?” ಅಂತ ಬಾಯಿಬಿಟ್ಟು ಕೇಳಿ. ಅಮೆರಿಕದ ವೀಸಾ ಇವರು ನೋಡಲ್ಲ.

ಡಿಸೆಂಬರ್ ಮೊದಲ ವಾರ ಅರ್ಜಿ ಹಾಕಿದ್ವಿ, ಮೂರು ವಾರದೊಳಗೆ ವೀಸಾ ಬಂತು. ಮೇಡಂಗೆ ಒಂದು ಕೆಜಿ ಕಾಫಿಪುಡಿ ತಗೊಂಡು ಹೋಗಿದ್ದೆ, ಬೇಡ ಬೇಡ ಅಂದು ಕೊನೆಗೆ ತಗೊಂಡ್ರು. ಹೋಗೋರು ಭಾನುವಾರ ಒಂಬತ್ತೂವರೆಗೇ ಹೋಗಿ, ಕುರ್ಚಿ ಎಂಟೇ ಇರೋದು. ಮೆಟ್ಟಿಲು ತುಂಬಾ ಕಡಿದು. ಮಂಡಿನೋವು ಇರೋರು ಕೆಳಗಿನಿಂದ ಫೋನ್ ಮಾಡಿದ್ರೆ ಅವರೇ ಇಳಿದು ಬರ್ತಾರೆ.